ಲೆಕ್ಕಕ್ಕೆ ಸಿಗದೆ ಹೋದ ನೀಲಕಂಠ

ಮೈಸೂರು,
ಭಾನುವಾರ ರಾತ್ರಿ

ಪ್ರಿಯ ಗೆಳೆಯರೇ,

ನಿಮ್ಮ ಕಾಗದ ತಲುಪಿತು. ನಲವತ್ತು ವರ್ಷ ಒಬ್ಬನೇ ಕೆರೆ ಏರಿ ಸುತ್ತಿದ ಮೇಷ್ಟ್ರು ಈಗ ಗುಂಪಿನ ಜೊತೆ ಹೊರಟಿದ್ದಾರಂತೆ, ಅಷ್ಟು ಜನರ ಸದ್ದಿಗೆ ಹಕ್ಕಿ ಹಾರಿಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಕೆಲವು ಹಾರಿಹೋಗುತ್ತವೆ. ಆದರೂ ನಾನು ಒಂದು ಭಾನುವಾರವನ್ನೂ ತಪ್ಪಿಸುತ್ತಿಲ್ಲ.

ತಿಪಟೂರು ಸೀಮೆಯನ್ನು ಬಿಟ್ಟು ಮಗನ ಮನೆಗೆ ಬಂದಾಗ ನನ್ನ ಜೊತೆ ಬಂದದ್ದು ಎರಡು ಟ್ರಂಕು, ಒಂದು ಹಳೆಯ ದುರ್ಬೀನು, ಸಲೀಂ ಅಲಿಯವರ ಪುಸ್ತಕ ಮತ್ತು ಹಕ್ಕಿಗಳ ಬಗ್ಗೆ ಬರೆದಿಟ್ಟ ಹನ್ನೊಂದು ನೋಟ್‌ಬುಕ್ಕು. ಕುಕ್ಕರಹಳ್ಳಿ ಕೆರೆಯ ಗೇಟಿನ ಬಳಿ ಬೆಳಿಗ್ಗೆ ಆರೂವರೆಗೆ ಹಕ್ಕಿ ನೋಡುವವರು ಸೇರುತ್ತಾರೆಂದು ಪಕ್ಕದ ಮನೆಯವರು ಹೇಳಿದರು. ಹೋದೆ. ಹತ್ತು ಹನ್ನೆರಡು ಜನ, ನನ್ನ ಮೊಮ್ಮಕ್ಕಳ ಪ್ರಾಯದವರೇ ಹೆಚ್ಚು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಆ ಕೆರೆಯ ಮರಗಳ ಮೇಲೆ ಹೆಜ್ಜಾರ್ಲೆಗಳು ಕೂತಿದ್ದವು. ಮಂಜು ಇನ್ನೂ ನೀರು ಬಿಟ್ಟು ಎದ್ದಿರಲಿಲ್ಲ.

ಅವರ ಪದ್ಧತಿ ನನಗೆ ಹೊಸದು. ಹದಿನೈದು ನಿಮಿಷಕ್ಕೊಂದು ಪಟ್ಟಿ. ಅಷ್ಟರಲ್ಲಿ ಕಂಡದ್ದು, ಕೇಳಿದ್ದು, ಗುರುತು ಸಿಕ್ಕ ಪ್ರತಿಯೊಂದು ಹಕ್ಕಿಯೂ ಸಂಖ್ಯೆಯೊಂದಿಗೆ ಪಟ್ಟಿಗೆ ಸೇರಬೇಕು. ಕಾಗೆ ಏಳು, ಗೊರವಂಕ ನಾಲ್ಕು, ಹೀಗೆ. ಕಾಗೆಯನ್ನೂ ಎಣಿಸುವುದೇ ಎಂದು ನನಗೆ ಅಸಹನೆಯಾಯಿತು. ಎಂ.ಎಸ್ಸಿ. ಓದುವ ಒಬ್ಬ ಹುಡುಗಿ ತಾಳ್ಮೆಯಿಂದ ಹೇಳಿದಳು: "ಮೇಷ್ಟ್ರೇ, ಕಂಡದ್ದನ್ನೆಲ್ಲ ಬರೆದಿದ್ದಾರೆ ಅಂತ ಗೊತ್ತಿದ್ದರೆ, ಪಟ್ಟಿಯಲ್ಲಿ ಇಲ್ಲದ ಹಕ್ಕಿಯೂ ಏನೋ ಹೇಳುತ್ತೆ. ನೂರು ಪಟ್ಟಿಯಲ್ಲಿ ಮೊದಲು ಎಂಬತ್ತರಲ್ಲಿ ಇದ್ದದ್ದು ಈಗ ನಲವತ್ತರಲ್ಲಿ ಮಾತ್ರ ಇದ್ದರೆ, ಅದು ಕಡಿಮೆಯಾಗ್ತಿದೆ ಅಂತ ಅಲ್ವಾ?" ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದ ನನಗೆ ಇದು ಹೊಳೆದಿರಲಿಲ್ಲ.

ವಯಸ್ಸಿನ ಜೊತೆ ನನ್ನ ಕಿವಿ ಸಣ್ಣ ದನಿಗಳನ್ನು ಕಳೆದುಕೊಂಡಿದೆ. ಬದನಿಕೆ ಹಕ್ಕಿಯ ಚಿಕ್ ಚಿಕ್ ಈಗ ನನಗೆ ಕೇಳುವುದಿಲ್ಲ. ಅದು ಕೂಗಿದಾಗಲೆಲ್ಲ ಒಬ್ಬ ಹುಡುಗ ನನ್ನ ಮೊಣಕೈ ಮುಟ್ಟಿ ಮರ ತೋರಿಸುತ್ತಾನೆ. ದೂರದಲ್ಲಿ ಹಾರುವ ಹದ್ದು ಗಿಡುಗಗಳನ್ನು ರೆಕ್ಕೆ ಬಡಿತದಲ್ಲೇ ಗುರುತಿಸುವುದು ನನ್ನ ಪಾಲಿನ ಕೆಲಸ. ಒಂಟಿಯಾಗಿದ್ದರೆ ಆ ಬದನಿಕೆ ಹಕ್ಕಿ ನನ್ನ ಪಾಲಿಗೆ ಇಲ್ಲವೇ ಆಗಿಬಿಡುತ್ತಿತ್ತು.

ಹೇಳಬೇಕೆಂದಿದ್ದ ಮುಖ್ಯ ಸಂಗತಿ ಬೇರೆ. ಇವತ್ತು ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಹೋಗಿದ್ದೆವು. ಮಂಗೋಲಿಯಾ, ಟಿಬೆಟ್‌ಗಳ ಕಡೆಯಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ತೊಡಿಸಿದ ಬಾತುಗಳೂ ನಮ್ಮ ಈ ಸೀಮೆಯಲ್ಲಿ ಕಂಡಿವೆ. ಎಲ್ಲರ ಮನಸ್ಸೂ ಅವುಗಳ ಮೇಲೇ ಇತ್ತು. ದಾರಿಯಲ್ಲಿ ಆ ಹುಡುಗಿ ಇದ್ದಕ್ಕಿದ್ದಂತೆ ವ್ಯಾನ್ ನಿಲ್ಲಿಸಿದಳು. ಹುರುಳಿ ಹೊಲದ ಮೇಲಿನ ಕರೆಂಟು ತಂತಿಯಲ್ಲಿ ಒಂದು ನೀಲಕಂಠ. ನಾವು ನೋಡುತ್ತಿದ್ದಂತೆ ನೆಲಕ್ಕೆ ಧುಮುಕಿ, ಮಿಡತೆಯೊಂದನ್ನು ಕಚ್ಚಿಕೊಂಡು ಮತ್ತೆ ಅಲ್ಲಿಗೇ ಬಂದು ಕೂತಿತು. ರೆಕ್ಕೆ ಬಿಚ್ಚಿದಾಗ ಕಂಡ ಆ ಎರಡು ಬಗೆಯ ನೀಲಿ ನಿಮಗೂ ನೆನಪಿರಬೇಕು.

"ನಿಮ್ಮ ಕಾಲದಲ್ಲಿ ಇವು ಎಷ್ಟಿದ್ದವು ಮೇಷ್ಟ್ರೇ?" ಎಂದಳು.

"ತುಂಬ ಇದ್ದವು" ಎಂದೆ. ಅವಳು ಪೆನ್ನು ಹಿಡಿದು ಕಾದಳು. ನನ್ನಲ್ಲಿ ಅದಕ್ಕಿಂತ ಹೆಚ್ಚಿನ ಉತ್ತರ ಇರಲಿಲ್ಲ.

ಮನೆಗೆ ಬಂದವನೇ ಹನ್ನೊಂದೂ ನೋಟ್‌ಬುಕ್ಕು ಹರಡಿಕೊಂಡು ಕೂತೆ. 1979ರಲ್ಲಿ ತೆಂಗಿನ ತೋಟಕ್ಕೆ ಬಂದ ಬಿಳಿ ಬಾಲದ ರಾಜಹಕ್ಕಿ ಇದೆ. 1984ರ ಅಕ್ಟೋಬರಿನಲ್ಲಿ ಸ್ಕೂಲಿನ ಜಗಲಿಯ ಮೇಲೆ ದಣಿದು ಕೂತಿದ್ದ ನವರಂಗ ತಾರೀಖಿನ ಸಮೇತ ಇದೆ. ನೀಲಕಂಠ ಮಾತ್ರ ಮೊದಲ ಪುಸ್ತಕದ ಮೊದಲ ಪುಟದಲ್ಲಿ ಒಮ್ಮೆ ಬಂದು ಮತ್ತೆಲ್ಲೂ ಇಲ್ಲ. ಊರಿಂದ ಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುವಾಗ ಚಳಿಗಾಲದಲ್ಲಿ ಎರಡು ಕಂಬಕ್ಕೊಂದು ಇರುತ್ತಿತ್ತು. ದಿನಾ ಕಾಣುವುದನ್ನು ಬರೆಯುವುದೇನು ಎಂದು ಬಿಟ್ಟೆ. ಅದೂ ನಮ್ಮ ರಾಜ್ಯಪಕ್ಷಿಯನ್ನು!

2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯನ್ನು ಹುಡುಗರು ನನಗೆ ಮೊಬೈಲಿನಲ್ಲಿ ತೋರಿಸಿದರು. ಸುಮಾರು 30,000 ಮಂದಿ ಹವ್ಯಾಸಿಗಳ ಪಟ್ಟಿಗಳಿಂದ 942 ಜಾತಿಗಳನ್ನು ಅಳೆದಿದ್ದಾರೆ. ಇಳಿಯುತ್ತಿರುವವುಗಳಲ್ಲಿ ನೀಲಕಂಠವೂ ಒಂದು. ಅದರ ಅಳಿವಿನ ಅಪಾಯವನ್ನು ಹೊಸದಾಗಿ ತೂಗಿನೋಡಬೇಕೆಂದು ಆ ವರದಿ ಹೇಳುತ್ತದೆ. 2000ಕ್ಕೂ ಹಿಂದಿನ ಪಟ್ಟಿಗಳು ದೇಶದಲ್ಲಿ ಸಿಗುವುದೇ ಕಡಿಮೆಯಂತೆ. ನಾನು ಕೊಡಬಹುದಾಗಿತ್ತು. ಇಪ್ಪತ್ತು ವರ್ಷ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ಕೈಯಲ್ಲಿ ಪುಸ್ತಕ ಹಿಡಿದೇ ಓಡಾಡಿದ್ದೇನೆ. ಈ ನೋವು ಸಣ್ಣದಲ್ಲ ಗೆಳೆಯರೇ.

ಹುಡುಗಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಬೇಸರಪಡಲಿಲ್ಲ. ನವರಂಗ ಬಂದ ತಾರೀಖುಗಳೂ ಬೇಕಾದವೇ, ಮುಂದಿನ ವಾರ ಬಂದು ಪುಟಗಳ ಫೋಟೊ ತೆಗೆದುಕೊಂಡು ಒಂದೊಂದಾಗಿ ದಾಖಲಿಸುತ್ತೇನೆ ಎಂದಳು. ನಾಳೆಯಿಂದ ಹನ್ನೆರಡನೆಯ ನೋಟ್‌ಬುಕ್ಕು ಶುರು.

ನೀವು ಈಗಲೂ ಹಳ್ಳಿಯಲ್ಲೇ ಇದ್ದೀರಿ, ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಲು ಅದೇ ಹೊಲದ ದಾರಿಯಲ್ಲಿ ಹೋಗುತ್ತೀರಿ. ಹಿಂದಿರುಗುವಾಗ ಹದಿನೈದು ನಿಮಿಷ ನಿಂತು ತಂತಿಯ ಮೇಲೆ ಏನೇನಿದೆ, ಎಷ್ಟಿದೆ ಎಂದು ಒಂದು ಹಾಳೆಯಲ್ಲಿ ಬರೆದು ನನಗೆ ಕಳಿಸಿ. ತಾರೀಖು, ಹೊತ್ತು ಮರೆಯಬೇಡಿ. ಕಾಗೆಯನ್ನೂ ಬಿಡಬೇಡಿ.

ನಿಮ್ಮ,
ಮೇಷ್ಟ್ರು