ಅಲುಗದೆ ನಿಂತವರು

ಹೊಸಪೇಟೆಯ ಮಠದ ಪ್ರಸಾದನಿಲಯದಲ್ಲಿ ನನ್ನೊಡನೆ ಓದಿದ ಸಂಡೂರಿನ ಗೆಳೆಯನೊಬ್ಬ ಸೇನೆಯನ್ನು ಸೇರಿದ. ನಾನು ಸಂಸ್ಕೃತ ಪಾಠಶಾಲೆಯ ದಾರಿ ಹಿಡಿದೆ. ಎಂಬತ್ತರ ದಶಕದಲ್ಲಿ ರಜೆಗೆ ಬಂದಾಗ, ದೆಹಲಿಯ ಇಂಡಿಯಾ ಗೇಟಿನ ಅಮರ ಜವಾನ ಜ್ಯೋತಿಯ ಗೌರವ ಕಾವಲಿಗೆ ತನ್ನನ್ನು ಆರಿಸಿದ್ದಾರೆಂದು ಹಿಗ್ಗಿನಿಂದ ಹೇಳಿದ. ಓದಿನ ಮದದಲ್ಲಿದ್ದ ನಾನು, "ಕಲ್ಲಿನಂತೆ ನಿಲ್ಲುವುದೂ ಒಂದು ಕಾಯಕವೇನಪ್ಪಾ?" ಎಂದುಬಿಟ್ಟೆ. ಅವನು ನಕ್ಕು ಸುಮ್ಮನಾದ.

ಅವನು ನಿವೃತ್ತನಾಗಿ ಬಂದ ಮೇಲೆ ಒಂದು ಸಂಜೆ ಇಬ್ಬರೂ ಹಂಪಿಯ ಮಹಾನವಮಿ ದಿಬ್ಬವನ್ನೇರಿದ್ದೆವು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನು ಮಹಾನವಮಿಯಲ್ಲಿ ಸೈನ್ಯವನ್ನು ವೀಕ್ಷಿಸಿದ ವೈಭವವನ್ನು ಬರೆದಿಟ್ಟಿರುವುದನ್ನು ನಾನು ವಿವರಿಸುತ್ತಿದ್ದೆ. ಗೆಳೆಯ ಕೇಳಿದ: "ಅಯ್ಯನವರೆ, ಅರಸರ ಹೆಸರು ಹೇಳಿದಿರಿ. ಕಾವಲು ನಿಂತವರ ಹೆಸರೇನು?" ನನ್ನಲ್ಲಿ ಉತ್ತರವಿರಲಿಲ್ಲ.

ಆಗ ಅವನು ತನ್ನ ಕಥೆಯನ್ನು ಬಿಚ್ಚಿದ. ಚಳಿಗಾಲದ ಮಂಜಿರಲಿ, ಬೇಸಿಗೆಯ ಬಿಸಿಗಾಳಿಯಿರಲಿ, ಮೈ ಅಲುಗಬಾರದು. ಮುಖದ ಮೇಲೆ ನೊಣ ಕುಳಿತರೂ ಕೈ ಏಳಬಾರದು. ಆ ಮಹಾದ್ವಾರದ ಗೋಡೆಗಳಲ್ಲಿ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಎಲ್ಲವೂ ಮೊದಲನೆಯ ಮಹಾಯುದ್ಧದಲ್ಲಿ, 1919ರ ಆಫ್ಘನ್ ಯುದ್ಧದಲ್ಲಿ ಮಡಿದವರವು. 1971ರ ಯುದ್ಧದ ತರುವಾಯ, 1972ರ ಜನವರಿ 26ರಂದು ಅಲ್ಲಿ ಜ್ಯೋತಿ ಬೆಳಗಿತು. ಆದರೆ ಸ್ವತಂತ್ರ ಭಾರತಕ್ಕಾಗಿ ಮಡಿದವರ ಹೆಸರುಗಳು ಅಲ್ಲಿರಲಿಲ್ಲ.

ಅವನೊಡನೆ ಸರದಿಯಲ್ಲಿ ಕಾವಲು ನಿಲ್ಲುತ್ತಿದ್ದವನು ಕಂಪ್ಲಿಯ ಕಡೆಯ ತರುಣ. ಬಿಡುವಿನಲ್ಲಿ ಗಂಡುಗಲಿ ಕುಮಾರರಾಮನ ಕಥೆ ಹೇಳುತ್ತಿದ್ದನಂತೆ. 1987ರಲ್ಲಿ ಶ್ರೀಲಂಕೆಗೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದ ಆತ ಮರಳಲಿಲ್ಲ. "ನನ್ನ ಮಗನ ಹೆಸರು ಎಲ್ಲಿ ಬರದಾರಪಾ?" ಎಂದು ಆ ತಾಯಿ ಕೇಳಿದಾಗ, ಗೆಳೆಯ ತಲೆತಗ್ಗಿಸಿ ಎದ್ದುಬಂದನಂತೆ. "ಮಡಿದವರ ಹೆಸರು ಕಾಯ್ದವನಿಗೆ ತನ್ನ ಹೆಸರಿಗೆ ಕಲ್ಲಿಲ್ಲ. ಯಾವ ಮುಖ ಹೊತ್ತು ಮತ್ತೆ ಕಂಪ್ಲಿಗೆ ಹೋಗಲಿ?" ಎಂದ.

2019ರ ಫೆಬ್ರವರಿ 25ರಂದು ಇಂಡಿಯಾ ಗೇಟಿನ ಬಳಿಯೇ ರಾಷ್ಟ್ರೀಯ ಸಮರ ಸ್ಮಾರಕ ಉದ್ಘಾಟನೆಯಾಯಿತು. ಅದರ ತ್ಯಾಗಚಕ್ರದ ಗೋಡೆಗಳಲ್ಲಿ ಸ್ವಾತಂತ್ರ್ಯಾನಂತರ ಮಡಿದ 25 ಸಾವಿರಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕೆತ್ತಲಾಗಿದೆ. 2022ರ ಜನವರಿ 21ರಂದು ಹಳೆಯ ಜ್ಯೋತಿಯನ್ನೂ ಅಲ್ಲಿಯ ಜ್ಯೋತಿಯಲ್ಲಿ ಲೀನಗೊಳಿಸಿದರು. ಅನಂತರ ಗೆಳೆಯನೊಡನೆ ನಾನೂ ಅಲ್ಲಿಗೆ ಹೋದೆ. ಬಹಳ ಹೊತ್ತು ಹುಡುಕಿದ ಮೇಲೆ ಆ ಹೆಸರು ಸಿಕ್ಕಿತು. ಅದನ್ನು ಬೆರಳಿನಿಂದ ಸವರಿ ಗೆಳೆಯ ನೆಟ್ಟಗೆ ನಿಂತ. ಕಣ್ಣಲ್ಲಿ ನೀರು ಹರಿಯುತ್ತಿದ್ದರೂ ಒರೆಸಿಕೊಳ್ಳಲು ಕೈ ಎತ್ತಲಿಲ್ಲ.

ಊರಿಗೆ ಬಂದವರೇ ಕಂಪ್ಲಿಗೆ ಹೋದೆವು. ದೃಷ್ಟಿ ಮಂದವಾಗಿದ್ದ ಆ ವೃದ್ಧೆ ಎಲ್ಲವನ್ನೂ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಕೈಯಿಂದ ಮುಟ್ಟಿ ನೋಡಿದ್ಯಾ?"

"ಮುಟ್ಟೀನಿ, ಅವ್ವ."

ಆಕೆ ಅವನ ಕೈಯನ್ನು ತಡವಿ, ಹಿಡಿದು, ಕೆನ್ನೆಗೆ ಒತ್ತಿಕೊಂಡರು.

ಹಿಂದಿರುಗುವ ಬಸ್ಸಿನಲ್ಲಿ, ಅಂದು ಆಡಿದ ಮಾತಿಗೆ ನಾನು ಕ್ಷಮೆ ಬೇಡಿದೆ. "ಯಾವ ಮಾತು?" ಎಂದ ಗೆಳೆಯ. ಮರೆತಿದ್ದನೋ, ನನ್ನನ್ನು ಉಳಿಸಿದನೋ ತಿಳಿಯದು. ಕಾಯಕವೆಂಬುದನ್ನು ಗ್ರಂಥಗಳಲ್ಲಿ ಓದಿದವನು ನಾನು. ನಿಂತು ಮಾಡಿದವನು ಅವನು.