ಚಾರ್ಜಿಗೆ ಹಾಕೋದೆಲ್ಲಿ?

ಎಲೆಕ್ಟ್ರಿಕ್ ಕಾರು ತಗೊಳ್ತೀನಿ ಅಂತ ಒಮ್ಮೆ ಬಾಯಿಬಿಟ್ಟು ನೋಡಿ, ಸುತ್ತ ಇರುವವರೆಲ್ಲ ತಜ್ಞರಾಗಿಬಿಡುತ್ತಾರೆ. ಆಫೀಸಿನ ಕ್ಯಾಂಟೀನಿನಲ್ಲಿ, ಮದುವೆಮನೆ ಪಂಕ್ತಿಯಲ್ಲಿ, ಲಿಫ್ಟಿನಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಬರುತ್ತೆ?" ಅದಾದ ಮೇಲೆ, "ಬ್ಯಾಟರಿ ಹೋದ್ರೆ ಎಷ್ಟಾಗುತ್ತೆ?" ಈ ಎರಡಕ್ಕೂ ಶೋರೂಮಿನವರು ಏನಾದರೊಂದು ಉತ್ತರ ಕೊಡುತ್ತಾರೆ. ಅವರ ಹತ್ತಿರ ಉತ್ತರವೇ ಇಲ್ಲದ ಪ್ರಶ್ನೆ ಕೇಳಿದ್ದು ಹಾಸನದಲ್ಲಿರುವ ನಮ್ಮಮ್ಮ. "ಅಲ್ಲ ಕಣೇ, ನಿಂದು ಬಾಡಿಗೆ ಮನೆ, ಅದೂ ಮೂರನೇ ಮಹಡಿ. ಅದನ್ನ ಚಾರ್ಜಿಗೆ ಹಾಕೋದೆಲ್ಲಿ?"

ಬೆಂಗಳೂರಿನಂಥ ಊರಲ್ಲಿ ಎಲೆಕ್ಟ್ರಿಕ್ ಕಾರಿನ ಅಸಲಿ ಪ್ರಶ್ನೆ ಇದೇ. ಬುಕ್ ಮಾಡುವುದಕ್ಕೆ ಮುಂಚೆ ಇದಕ್ಕೊಂದು ದಾರಿ ಹುಡುಕೋಣ ಅಂತ ಗಂಡ ಹೆಂಡತಿ ಕಾಗದ ಪೆನ್ನು ಹಿಡಿದು ಕೂತೆವು.

ಮೊದಲು ಲೆಕ್ಕ. ಆಫೀಸಿಗೆ ಹೋಗಿಬರಲು 40 ಕಿಲೋಮೀಟರ್. ಸಣ್ಣ ಎಲೆಕ್ಟ್ರಿಕ್ ಕಾರು ಊರೊಳಗಿನ ಓಡಾಟದಲ್ಲಿ ಒಂದು ಯೂನಿಟ್ ಕರೆಂಟಿಗೆ ಆರೇಳು ಕಿಲೋಮೀಟರ್ ಓಡುತ್ತೆ. ಚಾರ್ಜ್ ಆಗುವಾಗ ಬಿಸಿಯಾಗಿ ಪೋಲಾಗುವುದನ್ನೂ ಸೇರಿಸಿ ದಿನಕ್ಕೆ ಏಳೂವರೆ ಯೂನಿಟ್ ಅಂತಿಟ್ಟುಕೊಳ್ಳಿ. ಗೀಸರಿಗೆ ಕೊಟ್ಟಿರುತ್ತಾರಲ್ಲ, ಆ ದಪ್ಪ ಪಿನ್ನಿನ 15 ಆಂಪ್ ಪಾಯಿಂಟು, ಅದರಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಸಿಗುತ್ತೆ. ಅಂದರೆ ಎರಡೂವರೆ ಗಂಟೆಯ ಕೆಲಸ. ಕಾರು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಏಳರವರೆಗೆ ಹೇಗೂ ಸುಮ್ಮನೆ ನಿಂತಿರುತ್ತೆ. ಪೂರ್ತಿ ಹತ್ತು ಗಂಟೆ ಬಿಟ್ಟರೆ 30 ಯೂನಿಟ್, ಹತ್ತಿರ ಹತ್ತಿರ 180 ಕಿಲೋಮೀಟರಿನ ಸರಕು. ದಿನಾ ಅಷ್ಟು ಓಡಿಸುವವರು ಟ್ಯಾಕ್ಸಿಯವರು ಮಾತ್ರ.

ಶೋರೂಮಿನವರು ಮೂರು ಬಗೆ ಹೇಳಿದರು. ಒಂದು, ಕಾರಿನ ಜೊತೆ ಬರುವ ಕೇಬಲ್ಲನ್ನು ಈ 15 ಆಂಪ್ ಪಾಯಿಂಟಿಗೆ ಹಾಕುವುದು. ಎರಡು, ಗೋಡೆಗೆ 7.2 ಕಿಲೋವ್ಯಾಟಿನ ಡಬ್ಬಿ ಕೂರಿಸಿಕೊಳ್ಳುವುದು. ಅದಕ್ಕೆ 32 ಆಂಪ್ ಎಳೆಯುವ ವೈರಿಂಗ್ ಬೇಕು. ಮೂರು, 11 ಅಥವಾ 22 ಕಿಲೋವ್ಯಾಟಿನ ದೊಡ್ಡಣ್ಣ. ಅದಕ್ಕೆ ತ್ರೀ ಫೇಸ್ ಕರೆಂಟೇ ಬೇಕು. ಕೇಳುತ್ತಾ ಹೋದಂತೆ ಯಾರಿಗಾದರೂ ಆಸೆಯಾಗುತ್ತೆ. ದೊಡ್ಡದು ತಗೊಂಡರೆ ಬೇಗ ಆಗುತ್ತಲ್ವಾ?

ಆಗೋದಿಲ್ಲ. ಯಾಕಂದರೆ ಗೋಡೆ ಮೇಲೆ ಕೂತಿರುವ ಡಬ್ಬಿ ನಿಜವಾದ ಚಾರ್ಜರೇ ಅಲ್ಲ. ಮನೆಗೆ ಬರುವುದು ಎಸಿ ಕರೆಂಟು, ಬ್ಯಾಟರಿ ತಿನ್ನುವುದು ಡಿಸಿ. ಇದನ್ನು ಅದಕ್ಕೆ ಬದಲಾಯಿಸುವ ಯಂತ್ರ ಕಾರಿನ ಹೊಟ್ಟೆಯೊಳಗೇ ಇರುತ್ತೆ. ಆನ್‌ಬೋರ್ಡ್ ಚಾರ್ಜರ್ ಅನ್ನುತ್ತಾರೆ. ಗೋಡೆಯ ಡಬ್ಬಿ ಒಂದು ಬುದ್ಧಿವಂತ ಸ್ವಿಚ್ ಅಷ್ಟೆ. ಅರ್ಥಿಂಗ್ ಸರಿಯಿದೆಯಾ ನೋಡಿ, ಎಷ್ಟು ಆಂಪ್ ಎಳೆಯಬಹುದು ಅಂತ ಕಾರಿಗೆ ಹೇಳಿ, ಏನಾದರೂ ಎಡವಟ್ಟಾದರೆ ಕಟ್ ಮಾಡುತ್ತೆ. 2020ರಲ್ಲಿ ಬಂದ ಮೊದಲ ನೆಕ್ಸಾನ್ ಇವಿಯ ಆನ್‌ಬೋರ್ಡ್ ಚಾರ್ಜರ್ 3.3 ಕಿಲೋವ್ಯಾಟಿನದು. ಅದನ್ನು 22 ಕಿಲೋವ್ಯಾಟಿನ ಡಬ್ಬಿಗೆ ಸಿಕ್ಕಿಸಿದರೂ ಅದು ಕುಡಿಯುವುದು 3.3ನ್ನೇ. ಕಾವೇರಿ ನದಿಯನ್ನೇ ತಂದು ನಿಲ್ಲಿಸಿದರೂ ನಲ್ಲಿ ಅರ್ಧ ಇಂಚಿನದಾದರೆ ಏನು ಮಾಡೋದು? ಹೈವೇಯಲ್ಲಿ ಕಾಣುವ ಫಾಸ್ಟ್ ಚಾರ್ಜರಿನ ಕತೆ ಬೇರೆ. ಅವು ನೇರವಾಗಿ ಡಿಸಿಯನ್ನೇ ಬ್ಯಾಟರಿಗೆ ಕೊಡುತ್ತವೆ, ಕಾರಿನೊಳಗಿನ ಚಾರ್ಜರಿನ ಹಂಗೇ ಅವಕ್ಕಿಲ್ಲ.

ನಮ್ಮೂರಿಗೆ ಈ 15 ಆಂಪ್ ಪ್ಲಗ್ಗು ಹೊಸದೇನಲ್ಲ. ಚೇತನ್ ಮೈನಿಯವರ ಬೆಂಗಳೂರಿನ ಕಂಪನಿ 2001ರಲ್ಲಿ ರೇವಾ ಅನ್ನುವ ಪುಟಾಣಿ ಕಾರು ಬಿಟ್ಟಿತ್ತಲ್ಲ, ಅದನ್ನೂ ಜನ ಮನೆಯ 15 ಆಂಪ್ ಪಾಯಿಂಟಿಗೇ ಹಾಕುತ್ತಿದ್ದರು. ಆದರೆ ರೇವಾ ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ ಸ್ವಂತ ಮನೆ, ಸ್ವಂತ ಗೇಟು ಇದ್ದಿರಬೇಕು. ಇಪ್ಪತ್ತು ವರ್ಷದಲ್ಲಿ ಬ್ಯಾಟರಿ ಸೀಸದಿಂದ ಲಿಥಿಯಮ್ಮಿಗೆ ಬಂತು. ಊರು ಮಾತ್ರ ಮನೆಗಳಿಂದ ಅಪಾರ್ಟ್‌ಮೆಂಟಿಗೆ, ಅಪಾರ್ಟ್‌ಮೆಂಟಿನಿಂದ ಬೇಸ್‌ಮೆಂಟಿಗೆ ಇಳಿಯಿತು.

15 ಆಂಪ್ ಸಾಕು ಅಂದಮೇಲೆ ಎಲೆಕ್ಟ್ರಿಷಿಯನ್‌ನ ಕರೆಸಿದೆವು. ಪಾರ್ಕಿಂಗ್ ಪಕ್ಕದ ಕಂಬದಲ್ಲಿ ಒಂದು ಹಳೇ ಪಾಯಿಂಟಿತ್ತು. ಇದಕ್ಕೇ ಹಾಕಬಹುದಲ್ವಾ ಅಂದೆ. ಅವರು ನಕ್ಕರು. "ಮೇಡಂ, ಗೀಸರ್ ಕಾಲು ಗಂಟೆ ಓಡಿ ತಾನೇ ಕಟ್ ಆಗುತ್ತೆ. ಕಾರು ಹಂಗಲ್ಲ, ಹಿಡಿದ್ರೆ ರಾತ್ರಿಯೆಲ್ಲ ಬಿಡಲ್ಲ. ಈ ಸಾಕೆಟ್ ಕರಗಿಹೋಗುತ್ತೆ." ವ್ಯಾಟ್ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಹೊತ್ತು ಬೇರೆ. ತಾಸುಗಟ್ಟಲೆ ತುಂಬು ಕರೆಂಟು ಹರಿದಾಗ ಸಡಿಲವಾದ ಸ್ಕ್ರೂ, ತೆಳು ವೈರು, ಅಗ್ಗದ ಸಾಕೆಟ್ಟು ಎಲ್ಲದರ ಬಣ್ಣ ಬಯಲಾಗುತ್ತೆ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಕಾರು ಚಾರ್ಜ್ ಮಾಡುವುದಂತೂ ಬೇಡವೇ ಬೇಡ. ಮೀಟರ್ ರೂಮಿನಿಂದ ನಮ್ಮ ಪಾರ್ಕಿಂಗಿಗೆ 38 ಮೀಟರ್ ಬಂತು. ದೂರ ಜಾಸ್ತಿ ಅಂತ 6 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಕಾರಿಗೇ ಅಂತ ಬೇರೆ ಎಂಸಿಬಿ, ಜೊತೆಗೆ 30 ಮಿಲಿಆಂಪ್ ಸೋರಿದರೂ ಕಟ್ ಮಾಡುವ ಆರ್‌ಸಿಬಿಒ, ಇಂಡಸ್ಟ್ರಿಯಲ್ ಸಾಕೆಟ್ಟು. ಇಷ್ಟು ಬರೆದುಕೊಟ್ಟರು.

ಅರ್ಥಿಂಗನ್ನೂ ಅವರೇ ಅಳೆದು ನೋಡಿದರು. ಅರ್ಥ್ ಸರಿಯಿಲ್ಲದಿದ್ದರೆ ಕಾರಿನ ಕೇಬಲ್ಲು ಕೆಂಪು ದೀಪ ತೋರಿಸಿ ಮುಷ್ಕರ ಹೂಡುತ್ತೆ. ಬಸವನಗುಡಿಯ ಹಳೇ ಮನೆಯಲ್ಲಿರುವ ನನ್ನ ಗೆಳತಿಗೆ ಹೀಗೇ ಆಯಿತು. ಉಪ್ಪು ಇದ್ದಿಲು ತುಂಬಿದ ಅರ್ಥ್ ಗುಂಡಿ ಬೇಸಿಗೆಗೆ ಒಣಗಿ ಕೂತಿತ್ತು. ಎರಡು ಬಿಂದಿಗೆ ನೀರು ಹೊಯ್ದಮೇಲೆ ಕಾರು ಚಾರ್ಜ್ ಆಯಿತು! ವಾರ ಕಳೆದು ಮತ್ತೆ ಕೆಂಪು ದೀಪ. ಕೊನೆಗೆ ಹೊಸ ಗುಂಡಿಯನ್ನೇ ತೋಡಿಸಿದಳು.

ಇಲ್ಲಿಗೆ ತಾಂತ್ರಿಕ ವಿಷಯ ಮುಗಿಯಿತು. ಕಷ್ಟದ್ದು ಶುರುವಾಯಿತು: ಅಸೋಸಿಯೇಷನ್.

"ಏನಮ್ಮಾ, ನೀವು ಬಾಡಿಗೆಯವರು. ಓನರ್ ಬಂದು ಕೇಳ್ಲಿ," ಅಂದರು ಸೆಕ್ರೆಟರಿ ಅಂಕಲ್. ಬೆಂಕಿ ಹೊತ್ತಿಕೊಂಡರೆ? ಕರೆಂಟ್ ಬಿಲ್ ಯಾರು ಕಟ್ಟೋರು? ಕರೆಂಟ್ ಹೋದಾಗ ನಿಮ್ಮ ಕಾರಿಗೆ ನಮ್ಮ ಜನರೇಟರ್ ಡೀಸೆಲ್ಲಾ? ನನ್ನ ಹತ್ತಿರ ಕಾನೂನು ಇತ್ತು. ಮನೆಯ ಈಗಿರುವ ಕರೆಂಟ್ ಕನೆಕ್ಷನ್ನಿನಿಂದಲೇ ಕಾರು ಚಾರ್ಜ್ ಮಾಡಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ 2022ರ ಜನವರಿ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತೆ. ಬೇಕಿದ್ದರೆ ಕಾರಿಗೇ ಪ್ರತ್ಯೇಕ ಕನೆಕ್ಷನ್ ಕೇಳಿ ಪಡೆಯಬಹುದು ಅಂತ 2024ರಲ್ಲಿ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿಯೂ ಆಯಿತು. ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ. ಅಂಕಲ್ ಕನ್ನಡಕ ಏರಿಸಿ ಓದಿ, ಮಡಚಿ, ವಾಪಸ್ ಕೊಟ್ಟರು. ಕಾನೂನಿನ ಕಾಗದಕ್ಕೆ ಬೇಸ್‌ಮೆಂಟಿನಲ್ಲಿ ಅಷ್ಟೇ ಬೆಲೆ.

ಕೆಲಸ ಮಾಡಿದ್ದು ಎಲೆಕ್ಟ್ರಿಷಿಯನ್ ಬರೆದುಕೊಟ್ಟ ಚೀಟಿ. ವೈರು ನಮ್ಮ ಫ್ಲ್ಯಾಟಿನ ಮೀಟರಿನಿಂದ ಹೊರಡುತ್ತೆ, ಹಾಗಾಗಿ ಬಿಲ್ಲು ನಮ್ಮದೇ. ಜನರೇಟರಿನ ಚೇಂಜ್‌ಓವರಿಗಿಂತ ಮುಂಚೆಯೇ ತೆಗೆದದ್ದು, ಹಾಗಾಗಿ ಡೀಸೆಲ್ ಒಂದು ಹನಿಯೂ ಇಲ್ಲ. ಬೆಂಕಿಯ ಭಯಕ್ಕೆ ಆರ್‌ಸಿಬಿಒ, ಪೈಪು, ವರ್ಷಕ್ಕೊಮ್ಮೆ ತಪಾಸಣೆ. ಒಂದೊಂದಕ್ಕೂ ಅಂಕಲ್ ತಲೆಯಾಡಿಸಿದರು. ಆಮೇಲೆ ಕೇಳಿದರು: "ಸರಿಯಮ್ಮ. ನಾಳೆ 36 ಮನೆಯವರೂ ಇದನ್ನೇ ಕೇಳಿದ್ರೆ?"

ಒಳ್ಳೆಯ ಪ್ರಶ್ನೆ. 36 ಕಾರು ಒಟ್ಟಿಗೆ 3.3 ಕಿಲೋವ್ಯಾಟ್ ಎಳೆದರೆ 119 ಕಿಲೋವ್ಯಾಟ್. ಮನೆಗೆ ಮೂರು ಕಿಲೋವ್ಯಾಟ್ ಲೆಕ್ಕದಲ್ಲಿ ಮಂಜೂರಾದ ಕಟ್ಟಡಕ್ಕೆ ಇದು ಇನ್ನೊಂದು ಕಟ್ಟಡವನ್ನೇ ತಂದು ಹೆಗಲ ಮೇಲೆ ಕೂರಿಸಿದ ಹಾಗೆ. ಮೊದಲು ಬಂದ ನನಗೆ ಸುಲಭವಾಗಿ ಸಿಕ್ಕಿದ್ದು ಹದಿನೈದನೆಯವರಿಗೆ ಸಿಗದಿರಬಹುದು. ಎಲ್ಲರೂ ಒಟ್ಟಿಗೆ ಎಳೆಯದ ಹಾಗೆ ಸರದಿ ಮೇಲೆ ಕರೆಂಟು ಹಂಚುವ ವ್ಯವಸ್ಥೆಗಳಿವೆ, ಪ್ರತ್ಯೇಕ ಕನೆಕ್ಷನ್ ಪಡೆದು ನಾಲ್ಕಾರು ಪಾಯಿಂಟನ್ನು ಎಲ್ಲರೂ ಬಳಸಬಹುದು. ಅದನ್ನು ಒಬ್ಬರು ಮಾಡಲಾಗದು, ಅಸೋಸಿಯೇಷನ್ನೇ ಮಾಡಬೇಕು. ಮೀಟಿಂಗಿನಲ್ಲಿ ನಮ್ಮ ಅರ್ಜಿಯ ಜೊತೆ ಇದನ್ನೂ ಅಜೆಂಡಾಕ್ಕೆ ಸೇರಿಸಿದರು.

ಇನ್ನು ಮೈಸೂರಿನಲ್ಲಿರುವ ಓನರ್. ಮೀಟರ್ ಅವರ ಹೆಸರಿನಲ್ಲಿದೆ, ಲೋಡ್ ಹೆಚ್ಚಿಸುವ ಅರ್ಜಿಗೆ ಅವರ ಸಹಿ ಬೇಕು. ಹೆಚ್ಚಿನ ಲೋಡಿಗೆ ಪ್ರತಿ ತಿಂಗಳು ಫಿಕ್ಸೆಡ್ ಚಾರ್ಜೂ ಏರುತ್ತೆ. ಮಾತುಕತೆ ಹೀಗೆ ಮುಗಿಯಿತು: ಕೇಬಲ್ಲು, ಸಾಕೆಟ್ಟು ಮನೆಗೆ ಸೇರಿದ್ದು, ಕಾರಿನ ಕೇಬಲ್ ನನ್ನದು, ನಾನಿರುವಷ್ಟು ದಿನ ಫಿಕ್ಸೆಡ್ ಚಾರ್ಜ್ ನನ್ನದು. ಬಾಡಿಗೆ ಕರಾರಿನ ಕೆಳಗೆ ಒಂದು ಸಾಲು ಬರೆಸಿಕೊಂಡೆ. ನಾಳೆ ಮನೆ ಖಾಲಿ ಮಾಡಿ ಅಂದರೆ ಆ 38 ಮೀಟರ್ ತಾಮ್ರವನ್ನು ಬೇರೆಯವರ ಗೋಡೆಯಲ್ಲಿ ಬಿಟ್ಟು ಹೋಗಬೇಕು, ಹೊಸ ಮನೆಯಲ್ಲಿ ಮತ್ತೆ ಮೊದಲಿಂದ ಅಂಕಲ್, ಓನರ್, ಮೀಟಿಂಗು. ಕಾರು ನನ್ನದು, ಅದರ ಪೆಟ್ರೋಲ್ ಬಂಕು ಮಾತ್ರ ಬಾಡಿಗೆಯದು.

ಖರ್ಚಿನ ಮಾತು ಬಂತಲ್ಲ, ಗೃಹಜ್ಯೋತಿಯನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ 170 ಯೂನಿಟ್ ಆಸುಪಾಸು. ಮನೆಯ ಬಳಕೆಯ ಜೊತೆ ಸೇರಿದರೆ 200 ದಾಟುತ್ತೆ, ಸೊನ್ನೆ ಬಿಲ್ಲು ಹೋಗಿ ಪೂರ್ತಿ ಬಿಲ್ಲು ಬರುತ್ತೆ. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ ಮನೆ ಕಾರು ಸೇರಿ ಎರಡು ಸಾವಿರದ ಸುತ್ತಮುತ್ತ. ಅಷ್ಟೇ ದೂರಕ್ಕೆ ಪೆಟ್ರೋಲು ಆರು ಸಾವಿರ ದಾಟುತ್ತಿತ್ತು. ಹೊರಗಿನ ಫಾಸ್ಟ್ ಚಾರ್ಜರಿನಲ್ಲಿ ಯೂನಿಟ್ ದರ ಮನೆಯದರ ಎರಡು ಮೂರು ಪಟ್ಟು. ಎಲೆಕ್ಟ್ರಿಕ್ ಕಾರಿನ ಉಳಿತಾಯ ಅನ್ನುವುದು ಬಹುಪಾಲು ಮನೆಯಲ್ಲಿ ಚಾರ್ಜ್ ಮಾಡುವವರ ಉಳಿತಾಯ.

ಹಾಗಾದರೆ ಪಾರ್ಕಿಂಗೇ ಇಲ್ಲದವರು? ನಮ್ಮ ಹಿಂದಿನ ಕ್ರಾಸಿನಲ್ಲಿ ಮೊದಲ ಮಹಡಿಯ ಬಾಲ್ಕನಿಯಿಂದ ಫುಟ್‌ಪಾತ್ ದಾಟಿ ರಸ್ತೆಗೆ ಇಳಿದ ವೈರೊಂದನ್ನು ದಿನಾ ನೋಡುತ್ತೇನೆ. ಮಳೆ ಬಂದ ರಾತ್ರಿ ಆ ದಾರಿಯಲ್ಲಿ ನಡೆಯಲು ಭಯವಾಗುತ್ತೆ, ವೈರು ಬಿಟ್ಟವರ ಮೇಲೆ ಕೋಪ ಮಾತ್ರ ಬರುವುದಿಲ್ಲ. 2017ರಲ್ಲಿ ದೇಶಕ್ಕೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದ ರಾಜ್ಯ ನಮ್ಮದು. ಆದರೂ ಬೀದಿಯಲ್ಲಿ ಗಾಡಿ ನಿಲ್ಲಿಸುವ ಬಾಡಿಗೆದಾರನಿಗೆ ಒಂದು ನಿಧಾನದ, ಅಗ್ಗದ ಪಾಯಿಂಟು ಮನೆ ಹತ್ತಿರ ಸಿಗುವವರೆಗೆ ಇದು ಗೋಡೆ ಇದ್ದವರ ಕಾರಾಗಿಯೇ ಇರುತ್ತೆ. ಅಂಥವರು ಸಲಹೆ ಕೇಳಿದರೆ, ಆಫೀಸಿನಲ್ಲಾದರೂ ಪಾಯಿಂಟ್ ಇಲ್ಲದಿದ್ದರೆ ಸದ್ಯಕ್ಕೆ ಬೇಡ ಅಂತಲೇ ಹೇಳುತ್ತೇನೆ.

ಪಾರ್ಕಿಂಗ್ ಇರುವವರು ಟೆಸ್ಟ್ ಡ್ರೈವಿಗೆ ಹೋಗುವ ಮುಂಚೆ ಒಂದು ಅಳತೆ ಟೇಪು ಹಿಡಿದು ಬೇಸ್‌ಮೆಂಟಿಗೆ ಇಳಿಯಿರಿ. ಮೀಟರ್ ರೂಮಿನಿಂದ ನಿಮ್ಮ ಜಾಗಕ್ಕೆ ಎಷ್ಟು ಮೀಟರ್, ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ಬರೆದುಕೊಳ್ಳಿ. ಅಲ್ಲಿ ಸೆಕ್ರೆಟರಿ ಅಂಕಲ್ ಸಿಕ್ಕರೆ ಇನ್ನೂ ಒಳ್ಳೆಯದು, ನಮಸ್ಕಾರ ಹೇಳಿ ಮಾತು ಶುರು ಮಾಡಿ.