ತಿಗುರಿಯಿಲ್ಲದ ಮಡಕೆ, ಗಂಡಸರಿಲ್ಲದ ಪೇಟೆ

ಕುಂಬಾರಿಕೆ ಎಂದರೆ ತಿಗುರಿ ಎಂದೇ ನಾನು ತಿಳಿದಿದ್ದೆ. ಖಾನಾಪುರದ ಕುಂಬಾರರ ಕೆಲಸ ನೋಡಿ ಬೆಳೆದವಳಿಗೆ ಬೇರೇನು ಹೊಳೆದೀತು? ತಿಗುರಿ ತಿರುಗಬೇಕು, ಮಣ್ಣು ಮೇಲೇಳಬೇಕು. ಮಣಿಪುರದ ಆಂದ್ರೋ ಎಂಬ ಹಳ್ಳಿಯಲ್ಲಿ ತಿಗುರಿಯೇ ಇಲ್ಲ. ಹಸಿ ಮಣ್ಣಿನ ಮಡಕೆ ಮೊಳಕಾಲೆತ್ತರದ ಪೀಠದ ಮೇಲೆ ಅಲ್ಲಾಡದೆ ಕೂತಿರುತ್ತದೆ. ಅದನ್ನು ಮಾಡುವ ಹೆಂಗಸು ಅದರ ಸುತ್ತ ಸುತ್ತುತ್ತಾಳೆ.

ಅರವತ್ತು ದಾಟಿದ ಆಕೆ ಒದ್ದೆ ಬಟ್ಟೆಯ ತುಂಡೊಂದನ್ನು ಮಡಕೆಯ ಬಾಯಿಗೆ ಕವುಚಿ, ಎರಡೂ ಕೈಗಳಿಂದ ಹಗುರವಾಗಿ ಹಿಡಿದು, ಸೊಂಟ ಬಗ್ಗಿಸಿ ಹಿಮ್ಮುಖವಾಗಿ ಹೆಜ್ಜೆ ಹಾಕತೊಡಗಿದಳು. ಕಾಲಿಗೆ ಕಣ್ಣಿನ ಹಂಗೇ ಇರಲಿಲ್ಲ. ಅಂಗಳದ ಆ ಜಾಗದಲ್ಲಿ ಮಣ್ಣು ಸವೆದು ಒಂದು ಬಳೆಯಾಕಾರದ ಹಾದಿಯೇ ಮೂಡಿತ್ತು. ನಾಲ್ಕಾರು ಸುತ್ತು ಮುಗಿಯುವಷ್ಟರಲ್ಲಿ ಅಂಕುಡೊಂಕಾಗಿದ್ದ ಬಾಯಿ ದುಂಡಗಾಯಿತು, ಅಂಚು ಹೊರಕ್ಕೆ ಮಡಚಿಕೊಂಡಿತು. ಆಮೇಲೆ ಒಳಗೊಂದು ನುಣುಪುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಾ ಮತ್ತೆ ಸುತ್ತು. ತಟ್ಟಿದಷ್ಟೂ ಹೊಟ್ಟೆ ಉಬ್ಬುತ್ತಾ, ಗೋಡೆ ತೆಳುವಾಗುತ್ತಾ ಹೋಯಿತು. ನಾನು ಉಸಿರು ಬಿಡುವುದನ್ನೂ ಮರೆತು ನೋಡಿದೆ. ಯಂತ್ರವೊಂದರ ಕೆಲಸವನ್ನು ಆಕೆಯ ಎರಡು ಬರಿಗಾಲುಗಳು ಮಾಡುತ್ತಿದ್ದವು!

ಆಂದ್ರೋ ಇಂಫಾಲದಿಂದ ಸುಮಾರು 25 ಕಿಲೋಮೀಟರ್ ದೂರ. ಇಲ್ಲಿನವರು ಚಾಕ್ಪಾ ಜನ. ಹದಿನೆಂಟನೆಯ ಶತಮಾನದಲ್ಲಿ ದೊರೆ ಗರೀಬ್‌ನಿವಾಜ್ ವೈಷ್ಣವ ಧರ್ಮವನ್ನು ರಾಜಧರ್ಮ ಮಾಡಿದಾಗ ಕಣಿವೆಯ ಬಹುಪಾಲು ಮೈತೇಯಿಗಳು ಅತ್ತ ಹೋದರು. ಚಾಕ್ಪಾಗಳು ತಮ್ಮ ಹಳೆಯ ದೈವಗಳನ್ನೇ ಹಿಡಿದು ನಿಂತರು. ಊರಿನಲ್ಲಿ ಪನಾಮ್ ನಿಂಗ್ಥೌ ಎಂಬ ದೈವದ ಗುಡಿಯಿದೆ. ಅಲ್ಲಿ ಹಗಲಿರುಳೂ ಬೆಂಕಿ ಆರದಂತೆ ಮನೆಮನೆಯವರು ಸರದಿಯ ಮೇಲೆ ಕಾಯುತ್ತಾರೆ. ಮಡಕೆ ಮಾಡುವ ಹಕ್ಕು ಮದುವೆಯಾದ ಹೆಂಗಸರದ್ದು ಮಾತ್ರ. ಸುಡಲು ಆವಿಗೆಯೂ ಇಲ್ಲ, ಬಯಲಲ್ಲೇ ಸೌದೆ, ಹುಲ್ಲು ಒಟ್ಟಿ ಬೆಂಕಿಯಿಡುತ್ತಾರೆ.

ನನ್ನನ್ನು ಅಲ್ಲಿಗೆ ಕರೆದೊಯ್ದವಳು ಬೆಂಗಳೂರಿನಲ್ಲಿ ನರ್ಸಿಂಗ್ ಓದಿ, ಅಲ್ಲೇ ಕೆಲವು ವರ್ಷ ದುಡಿದ ಇಂಫಾಲದ ಹುಡುಗಿ. ನಮ್ಮ ಬೀದಿಯಲ್ಲೇ ಬಾಡಿಗೆಗಿದ್ದಳು, ಮಾರುಕಟ್ಟೆಯಲ್ಲಿ ಸೊಪ್ಪಿಗೆ ಚೌಕಾಸಿ ಮಾಡುವಷ್ಟು ಕನ್ನಡ ಕಲಿತಿದ್ದಳು. 2023ರ ಆರಂಭದಲ್ಲಿ ಅವಳ ಅಣ್ಣನ ಮದುವೆ ಗೊತ್ತಾಯಿತು. "ಅಕ್ಕಾ, ನೀವು ಬರಲೇಬೇಕು. ಮದುವೆ ಸಾಮಾನು ಎಲ್ಲಾ ನಾವೇ ಹೋಗಿ ತರೋಣ" ಎಂದಳು. ಮದುವೆ ಸಾಮಾನು ಎಂದರೆ ಬಟ್ಟೆ, ಒಡವೆ ಎಂದುಕೊಂಡು ಹೊರಟವಳಿಗೆ ಒಂದು ನಾಡಿನ ಕೈಕೆಲಸವೆಲ್ಲ ಸಾಲುಸಾಲಾಗಿ ಎದುರಾಯಿತು.

ಮೊದಲು ಉಪ್ಪು. ತೌಬಾಲ್ ಜಿಲ್ಲೆಯ ನಿಂಗೇಲ್‌ನಲ್ಲಿ ಉಪ್ಪುನೀರಿನ ಬಾವಿಗಳಿವೆ. ಕಡಲಿನಿಂದ ಅಷ್ಟು ದೂರದ, ಸುತ್ತಲೂ ಬೆಟ್ಟವಿರುವ ಕಣಿವೆಯಲ್ಲಿ ನೆಲವೇ ಉಪ್ಪು ಕೊಡುತ್ತದೆ. ಬಾವಿಗೆ ಕಲ್ಲುಕಟ್ಟಡವಿಲ್ಲ, ಒಳಗೆ ಟೊಳ್ಳು ಮಾಡಿದ ಭಾರೀ ಮರದ ಕಾಂಡವನ್ನೇ ಇಳಿಬಿಟ್ಟಿದ್ದಾರೆ. ನೀರು ಸೇದಿ, ಸೌದೆ ಒಲೆಯ ಮೇಲೆ ಕುದಿಸಿ ಇಂಗಿಸಿ, ಉಳಿದ ಉಪ್ಪನ್ನು ದುಂಡನೆಯ ಬಿಲ್ಲೆಗಳಾಗಿ ತಟ್ಟುತ್ತಾರೆ. ಕೈಯಲ್ಲಿ ಹಿಡಿದರೆ ತೆಳ್ಳಗೆ, ಬೆಳ್ಳಗೆ, ಬೆರಳಚ್ಚಿನ ಗುರುತು ಹಾಗೇ ಇರುತ್ತದೆ. ಈಗ ಈ ಕೆಲಸ ಮಾಡುವ ಮನೆಗಳು ಬೆರಳೆಣಿಕೆಯಷ್ಟು. ಆದರೂ ಪೂಜೆಗೆ, ಶುಭಕಾರ್ಯಕ್ಕೆ ಈ ಬಿಲ್ಲೆಯೇ ಬೇಕೆನ್ನುವ ಮನೆಗಳು ಬಹಳ. ಪ್ಯಾಕೆಟ್ ಉಪ್ಪು ಊರೂರು ತಲುಪಿದ ಮೇಲೂ ಇದು ಉಳಿದದ್ದು ಆ ಬೇಡಿಕೆಯಿಂದ.

ಲೊಂಗ್ಪಿಗೆ ಹೋಗಬೇಕೆಂದದ್ದು ನನ್ನ ಹಟ. ಇಂಫಾಲದಿಂದ ಉಖ್ರುಲ್‌ಗೆ ಸುಮಾರು 80 ಕಿಲೋಮೀಟರ್. ಅಲ್ಲಿಂದ ಮುಂದೆ ಬೆಟ್ಟದ ಬೆನ್ನೇರಿ ಇಳಿಯುವ ದಾರಿ. ಗಾಡಿ ಕುಲುಕಿದ್ದಷ್ಟೂ ಸಾರ್ಥಕ. ಇದು ತಾಂಗ್ಖುಲ್ ನಾಗರ ಸೀಮೆ. ಕಣಿವೆಯ ಆಂದ್ರೋದಲ್ಲಿ ಮಡಕೆ ಹೆಂಗಸರ ಹಕ್ಕು. ಬೆಟ್ಟದ ಲೊಂಗ್ಪಿಯಲ್ಲಿ ಗಂಡಸರೂ ಕೂತು ಮಾಡುತ್ತಾರೆ. ತಿಗುರಿ ಮಾತ್ರ ಇಲ್ಲೂ ಇಲ್ಲ.

ಲೊಂಗ್ಪಿಯ ಪಾತ್ರೆ ಬರೀ ಮಣ್ಣಿನದಲ್ಲ. ಬೆಟ್ಟದಲ್ಲಿ ಸಿಗುವ ಸರ್ಪೆಂಟೈನ್ ಎಂಬ ಹಸಿರುಗಪ್ಪು ಕಲ್ಲನ್ನು ಕುಟ್ಟಿ ಪುಡಿ ಮಾಡಿ, ಜೇಡಿಮಣ್ಣಿಗೆ ಬೆರೆಸಿ, ನೀರು ಹಾಕಿ ಗಂಟೆಗಟ್ಟಲೆ ನಾದುತ್ತಾರೆ. ಕಣಕ ಹದಕ್ಕೆ ಬಂದ ಮೇಲೆ ಹಾಳೆಯಂತೆ ತಟ್ಟಿ, ಬಿದಿರಿನ ಅಚ್ಚಿಗೆ ಸುತ್ತಿ, ಕೈಯಿಂದಲೇ ಆಕಾರ ಕೊಡುತ್ತಾರೆ. ಒಣಗಿದ ಮೇಲೆ ನುಣುಪುಕಲ್ಲಿನಿಂದ ಉಜ್ಜುತ್ತಾರೆ. ಆಮೇಲೆ ಬಯಲಿನಲ್ಲಿ ಸೌದೆ ಒಟ್ಟಿ ಸುಡುವುದು. ಶಾಖ 900 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಹೋಗುತ್ತದಂತೆ.

ನನ್ನನ್ನು ಬೆರಗುಗೊಳಿಸಿದ್ದು ಅದರ ಮುಂದಿನ ಗಳಿಗೆ. ಉದ್ದನೆಯ ಕೋಲಿನಿಂದ ಒಬ್ಬಾತ ಬೆಂಕಿಯೊಳಗಿಂದ ಪಾತ್ರೆಯನ್ನು ಎಳೆದ. ಇನ್ನೊಬ್ಬ ಒಂದು ಹಿಡಿ ಎಲೆ ತೆಗೆದುಕೊಂಡು ಕೆಂಡದಷ್ಟು ಕಾದ ಆ ಪಾತ್ರೆಗೆ ಉಜ್ಜಿದ. ಅಲ್ಲೇ ಕಾಡಿನಲ್ಲಿ ಬೆಳೆಯುವ ಮರದ ಎಲೆ ಅದು. ಚುರ್ ಎಂದು ಹೊಗೆ ಎದ್ದಿತು, ಸುಟ್ಟ ಸೊಪ್ಪಿನ ಕಟುವಾದ ವಾಸನೆ ಮೂಗಿಗೆ ಬಡಿಯಿತು. ಎಲೆ ಹೋದಲ್ಲೆಲ್ಲ ಬೂದಿ ಬಣ್ಣ ಮಾಯವಾಗಿ ಮಿಂಚುವ ಕಪ್ಪು ಮೂಡಿತು. ಬಣ್ಣವಿಲ್ಲ, ಮೆರುಗೆಣ್ಣೆಯಿಲ್ಲ. ಯಾವ ಎಲೆ, ಎಷ್ಟು ಬಿಸಿ, ಎಷ್ಟು ಹೊತ್ತು ಎಂಬುದನ್ನು ಯಾರು ಮೊದಲು ಕಂಡುಕೊಂಡರೋ!

ಆ ಕಪ್ಪು ಪಾತ್ರೆ ಕೈಗೆ ಬಂದಾಗ ಮಲೆನಾಡಿನ ನಮ್ಮ ದೊಡ್ಡಮ್ಮನ ಮನೆಯ ಬಳಪದ ಕಲ್ಲಿನ ಮರಿಗೆ ನೆನಪಾಯಿತು. ಅದೇ ತೂಕ, ಅದೇ ತಂಪು. ಇಲ್ಲೂ ಪಾತ್ರೆಯನ್ನು ನೇರ ಉರಿಯ ಮೇಲಿಡುತ್ತಾರೆ. ಒಲೆಯಿಂದ ಇಳಿಸಿದ ಮೇಲೂ ಒಳಗಿನ ಸಾರು ಕುದಿಯುತ್ತಲೇ ಇರುತ್ತದೆ. ಬಳಪದ ಕಲ್ಲು, ಸರ್ಪೆಂಟೈನ್ ಎರಡೂ ಮೆಗ್ನೀಶಿಯಂ ತುಂಬಿದ, ತಕ್ಕಮಟ್ಟಿಗೆ ಮೃದುವಾದ ಕಲ್ಲುಗಳು. ಹೊಯ್ಸಳರ ಶಿಲ್ಪಿಗಳಿಗೆ ಒಲಿದ ಕಲ್ಲಿನ ಬಂಧುವೊಂದು ತಾಂಗ್ಖುಲರ ಅಡುಗೆಮನೆಯಲ್ಲಿದೆ ಎನ್ನುವುದು ನನಗೆ ಹೇಳತೀರದ ಖುಷಿ ಕೊಟ್ಟಿತು. ಈಗ ಲೊಂಗ್ಪಿಯಿಂದ ದೆಹಲಿ, ಮುಂಬೈ ಅಂಗಡಿಗಳಿಗೂ ಕಪ್ಪು ಬಟ್ಟಲು, ಟೀ ಕೆಟಲ್ ಹೋಗುತ್ತವೆ. ಹಿಡಿಗೆ ಬೆತ್ತ ಹೆಣೆದ ಆ ಕೆಟಲ್ ನೋಡಲು ಚೆಂದ, ನಿಜ. ಆದರೆ ನನ್ನ ಕಣ್ಣು ಹೋದದ್ದು ಮೂಲೆಯಲ್ಲಿದ್ದ ದೊಡ್ಡ ಹಂಡೆಯ ಕಡೆ. ಹಬ್ಬದಡುಗೆಗೆ ಊರವರೇ ಕೇಳಿ ಮಾಡಿಸಿದ್ದು ಅದು.

ಇಷ್ಟೆಲ್ಲ ನೋಡಿದ ಮೇಲೆ ಇಮಾ ಕೈಥೇಲ್‌ಗೆ ಕಾಲಿಟ್ಟೆವು. ಇಂಫಾಲದ ನಡುಮಧ್ಯೆ, ಖ್ವೈರಾಮ್‌ಬಂದ್ ಎಂಬಲ್ಲಿರುವ ತಾಯಂದಿರ ಪೇಟೆ. ಮೂರು ದೊಡ್ಡ ಕಟ್ಟಡ, 3,000ಕ್ಕೂ ಹೆಚ್ಚು ಮಾರುವವರು, ಅಷ್ಟೂ ಹೆಂಗಸರು. ಗಂಡಸರು ಕೊಳ್ಳಬಹುದು, ಮೂಟೆ ಹೊರಬಹುದು. ಅಂಗಡಿ ಹಾಕುವಂತಿಲ್ಲ.

ನಾನು ಎಷ್ಟೋ ಸಂತೆ ಕಂಡಿದ್ದೇನೆ. ಇಂಥ ಸದ್ದು ಎಲ್ಲೂ ಕೇಳಿಲ್ಲ. ಸಾವಿರಾರು ಹೆಂಗಸರು ಒಟ್ಟಿಗೆ ಮಾತಾಡುವ ಸದ್ದು. ನಡುವೆ ನಗು, ಗದರಿಕೆ, ಪಕ್ಕದವಳಿಗೆ ಚಿಲ್ಲರೆ ಕೇಳುವ ಕೂಗು. ಎತ್ತರದ ಜಗಲಿಗಳ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ ಇಮಾಗಳು, ಹೆಗಲ ಮೇಲೆ ತೆಳುವಾದ ಇನಾಫಿ ಹೊದಿಕೆ, ಹಲವರ ಮೂಗಿನ ಮೇಲಿಂದ ಹಣೆಗೆ ಏರಿದ ಗಂಧದ ನಾಮ. ಎದುರಿಗೆ ಒಬ್ಬಳದು ಹುಳಿಬರಿಸಿದ ಮೀನು ಙಾರಿ, ಒಬ್ಬಳದು ಕಪ್ಪಕ್ಕಿ ಚಾಕ್‌ಹಾವೊ, ಒಬ್ಬಳದು ಕಮಲದ ದಂಟು. ಮೀನಿನ ಘಾಟಿನ ಸಾಲು ದಾಟಿದರೆ ಹೊಸ ಬಟ್ಟೆಯ ಗಂಜಿ ವಾಸನೆ.

ಬಟ್ಟೆಯ ಸಾಲಿನಲ್ಲಿ ನಾನು ಕಳೆದೇಹೋದೆ. ಅಂಚಿನ ಉದ್ದಕ್ಕೂ ಮೆಟ್ಟಿಲುಮೆಟ್ಟಿಲಾಗಿ ಏರಿ ಚೂಪಾಗುವ ವಿನ್ಯಾಸವಿದ್ದರೆ ಅದು ಮೊಯಿರಾಂಗ್ ಫೀ. ಸರ್ಪರೂಪಿ ದೈವ ಪಾಖಂಗ್ಬಾನ ಹಲ್ಲುಗಳು ಅವು ಎಂದು ನೇಯುವವರು ಹೇಳುತ್ತಾರೆ. ಕೈಯಿಟ್ಟರೆ ಕೈ ಕಾಣುವಷ್ಟು ತೆಳುವಾದದ್ದು ವಾಂಗ್ಖೈ ಫೀ. ಈ ಎರಡಕ್ಕೂ, ಜೊತೆಗೆ ಕಸೂತಿಯ ಶಾಫೀ ಲಾನ್‌ಫೀಗೂ 2014ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಡ್ಡಪಟ್ಟೆಯ ಸುತ್ತುಡುಗೆ ಫನೇಕ್ ಒಂದನ್ನು ನಾನು ಮಡಿಕೆ ಬಿಚ್ಚಿ ನೋಡುತ್ತಿದ್ದಾಗ ಮಾರುವ ಇಮಾ ಅಂಚಿನ ಕಸೂತಿಯನ್ನು ತಿರುಗಿಸಿ ಹಿಂಬದಿ ತೋರಿಸಿದರು. ಹಿಂದೆಯೂ ಮುಂದಿನಷ್ಟೇ ಚೊಕ್ಕ. ಗಂಟಿಲ್ಲ, ಬಿಟ್ಟ ದಾರವಿಲ್ಲ. "ಇದನ್ನು ಹಾಕಿದ ಕೈ ನನಗೆ ಗೊತ್ತು" ಎಂದರಂತೆ. ನನ್ನ ಗೆಳತಿ ಕನ್ನಡಕ್ಕೆ ತಂದು ಹೇಳಿದಳು. ಆ ಕಸೂತಿ ಹಾಕಿದಾಕೆಯ ಊರು, ಅವಳ ಮಗಳು ಯಾವ ತರಗತಿ, ಈ ಬಾರಿ ತಡ ಏಕಾಯಿತು ಎಲ್ಲವನ್ನೂ ಹೇಳಿದರು.

ನಾನು ಆ ಪೇಟೆಯಲ್ಲಿ ಕಂಡ ದೊಡ್ಡ ಅಚ್ಚರಿ ಅದೇ. ಮಾಡುವವಳಿಗೂ ಕೊಳ್ಳುವವಳಿಗೂ ನಡುವೆ ಇರುವುದು ಒಬ್ಬಳೇ ಇಮಾ, ಆಕೆಗೆ ಇಬ್ಬರೂ ಗೊತ್ತು. ಕೌನಾ ಎಂಬ ಜೌಗಿನ ಜೊಂಡಿನಿಂದ ಹೆಣೆದ ಚಾಪೆ, ಮೆತ್ತೆ ಮಾರುವ ಸಾಲಿನಲ್ಲಿ ಒಬ್ಬ ಗಿರಾಕಿ ಚಾಪೆಯನ್ನು ಅರ್ಧ ಬಿಡಿಸಿ, ಅಂಚಿನ ಹೆಣಿಗೆ ಸಡಿಲ ಎಂದು ವಾಪಸು ಕೊಟ್ಟಳು. ಆ ದೂರು ಅವತ್ತೇ ಸಂಜೆ ಹೆಣೆದವಳ ಮನೆ ಮುಟ್ಟುತ್ತದೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಕರಕುಶಲ ಮೇಳ ಮಾಡುತ್ತೇವೆ, ಕುಶಲಕರ್ಮಿಗೆ ಹಾರ ಹಾಕುತ್ತೇವೆ, ಅವರ ಕೆಲಸವನ್ನು ಶೋಕೇಸಿನಲ್ಲಿಟ್ಟು ಬಾಗಿಲು ಹಾಕುತ್ತೇವೆ. ಅಂಚು ಸಡಿಲ ಎಂದು ಹೇಳುವ ಗಿರಾಕಿಯನ್ನು ಮಾತ್ರ ಕೊಡುವುದಿಲ್ಲ. ಕೈಕೆಲಸಕ್ಕೆ ಆ ಗಿರಾಕಿಯಷ್ಟು ದೊಡ್ಡ ಗೌರವ ಇನ್ನೊಂದಿಲ್ಲ ಎಂದು ನಾನು ನಂಬುತ್ತೇನೆ.

ಈ ಹೆಂಗಸರಿಗೆ ಪೇಟೆ ಸುಮ್ಮನೆ ಸಿಕ್ಕಿದ್ದಲ್ಲ. ರಾಜರ ಕಾಲದಲ್ಲಿ ಲಾಲ್ಲುಪ್ ಎಂಬ ಪದ್ಧತಿಯಂತೆ ಗಂಡಸರು ಸರದಿಯ ಮೇಲೆ ರಾಜ್ಯದ ಬಿಟ್ಟಿ ಚಾಕರಿಗೂ ಯುದ್ಧಕ್ಕೂ ಹೋಗಬೇಕಿತ್ತು. ಹೊಲ, ಮನೆ, ವ್ಯಾಪಾರ ಹೆಂಗಸರ ಹೆಗಲಿಗೆ ಬಂತು. 1904ರಲ್ಲಿ ಬ್ರಿಟಿಷರು ಸುಟ್ಟುಹೋದ ಬಂಗಲೆ ಕಟ್ಟಲು ಗಂಡಸರನ್ನು ಬಿಟ್ಟಿ ದುಡಿಸಹೊರಟಾಗ ಬೀದಿಗಿಳಿದವರು ಇವರೇ. 1939ರಲ್ಲಿ ಅಕ್ಕಿಗೆ ಬರ ಬಂದಿತ್ತು, ಆದರೂ ಗಿರಣಿಗಳಿಂದ ಅಕ್ಕಿ ಹೊರರಾಜ್ಯಕ್ಕೆ ಸಾಗುತ್ತಲೇ ಇತ್ತು. ಡಿಸೆಂಬರ್ 12ರಂದು ಇಮಾಗಳು ದರ್ಬಾರಿನ ಅಧ್ಯಕ್ಷನಾಗಿದ್ದ ಬ್ರಿಟಿಷ್ ಅಧಿಕಾರಿಯನ್ನು ಸುತ್ತುಗಟ್ಟಿದರು. ನವದ್ವೀಪದಲ್ಲಿದ್ದ ಮಹಾರಾಜರಿಗೆ ತಂತಿ ಕೊಡಿಸುವವರೆಗೂ ಬಿಡಲಿಲ್ಲ. ಅಸ್ಸಾಂ ರೈಫಲ್ಸ್‌ನವರು ಮೇಲೆ ಬಿದ್ದು ಹಲವರಿಗೆ ಗಾಯವಾಯಿತು. ಹೆಂಗಸರು ತಮ್ಮ ಪೇಟೆಯನ್ನೇ ಬಹಿಷ್ಕರಿಸಿ ತಿಂಗಳುಗಟ್ಟಲೆ ಬರಿದು ಬಿಟ್ಟರು. ನೂಪೀ ಲಾನ್ ಎಂದು ಆ ದಿನವನ್ನು ಮಣಿಪುರ ಇಂದಿಗೂ ಆಚರಿಸುತ್ತದೆ. 2016ರ ಜನವರಿ 4ರ ಭೂಕಂಪ ಕಟ್ಟಡಗಳನ್ನು ಬಿರುಕುಬಿಡಿಸಿತು; ಇಮಾಗಳು ಹೊರಗೆ ಕೂತು ಮಾರಿದರು.

ನಾನು ಊರಿಗೆ ವಾಪಸು ಬಂದ ಕೆಲವೇ ತಿಂಗಳಿಗೆ, 2023ರ ಮೇ 3ರಂದು, ಮೈತೇಯಿ ಮತ್ತು ಕುಕಿ ಜನರ ನಡುವಿನ ಹಿಂಸೆ ಹೊತ್ತಿಕೊಂಡಿತು. ಕರ್ಫ್ಯೂ ಬಿದ್ದಾಗಲೆಲ್ಲ ಪೇಟೆ ಮುಚ್ಚಿತು, ಕಣಿವೆ-ಬೆಟ್ಟಗಳ ನಡುವಿನ ಹಲವು ದಾರಿಗಳು ಕಡಿದುಹೋದವು. ಎರಡೂ ಕಡೆ ಎಷ್ಟೊಂದು ಮನೆಗಳು ಉರಿದವು. ಪತ್ರಿಕೆ ತೆರೆದಾಗೆಲ್ಲ ಎದೆ ಹಿಂಡುತ್ತಿತ್ತು. ಬೆಟ್ಟದ ಸರಕಿಗೆ ಕಣಿವೆ ಬೇಕು, ಕಣಿವೆಯ ಅಡುಗೆಗೆ ಬೆಟ್ಟ ಬೇಕು ಎಂಬುದನ್ನು ಆ ಜಗಲಿಗಳ ಮೇಲೆ ನಾನು ಕಣ್ಣಾರೆ ಕಂಡಿದ್ದೆ.

ಮದುವೆಯ ಮಾತಿಗೆ ಬರುತ್ತೇನೆ. ಗಂಡಿನವರು ಹೆಣ್ಣಿನ ಮನೆಗೆ ಹಣ್ಣು, ಸಿಹಿ ಹೊತ್ತೊಯ್ಯುವ ಹೈಜಿಂಗ್‌ಪೋಟ್ ಶಾಸ್ತ್ರಕ್ಕೆ ಫಿಂಗಾರುಕ್ ಬುಟ್ಟಿ ಬೇಕು. ಬೆತ್ತ, ಬಿದಿರಿನಿಂದ ಹೆಣೆದ, ಗುಮ್ಮಟದಂಥ ಮುಚ್ಚಳವಿರುವ ಬುಟ್ಟಿ ಅದು. ಗೆಳತಿಯ ಅಮ್ಮ ಒಂದೊಂದನ್ನೂ ಎತ್ತಿ, ಮುಚ್ಚಳ ಹಾಕಿ ತೆಗೆದು, ತಳವನ್ನು ನೆಲಕ್ಕೆ ಒತ್ತಿ ಅಲುಗುತ್ತದೆಯೇ ಎಂದು ನೋಡಿದರು. ನನಗೆ ಎಲ್ಲವೂ ಒಂದೇ ಥರ ಕಂಡವು. ಅವರು ಆರಿಸಿದ್ದನ್ನು ಹಿಡಿದಾಗ ವ್ಯತ್ಯಾಸ ತಿಳಿಯಿತು, ಮುಚ್ಚಳ ಕೂತರೆ ಗಾಳಿಯೂ ನುಸುಳದು. ಪಕ್ಕದ ಸಾಲಿನಲ್ಲಿ ಬಟ್ಟೆಯ ಗೊಂಬೆಗಳಿದ್ದವು, ಬಿರುಸಾದ ದುಂಡು ಪೊಟ್ಲೋಯ್ ಲಂಗ ತೊಟ್ಟ ಮದುಮಗಳ ಗೊಂಬೆಗಳು. ಒಂದನ್ನು ನನ್ನ ಕೈಗಿಟ್ಟು, "ಇದು ನಿಮಗೆ ಅಕ್ಕಾ, ದುಡ್ಡು ಕೊಡಬೇಡಿ" ಎಂದಳು ಗೆಳತಿ. ಗೊಂಬೆ ಮಾರುತ್ತಿದ್ದವರು ಅವಳ ಸೋದರತ್ತೆ.

ಆ ಅತ್ತೆ ಕೂತಿದ್ದ ಜಾಗ ಅವರ ಅತ್ತೆಯದ್ದಾಗಿತ್ತು. ಪೇಟೆಯ ಜಾಗ ಹೀಗೆ ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಹೋಗುತ್ತದೆ. ಬಂಡವಾಳ ಸಾಲದಿದ್ದರೆ ಸರಕು ಸಾಲಕ್ಕೆ ತಂದು, ಮಾರಿ ತೀರಿಸುವ ರೂಢಿಯೂ ಹಳೆಯದೇ. ಮುಂದೆ ಯಾರು ಕೂರುತ್ತಾರೆ ಎಂದು ಕೇಳಿದೆ. ಆಕೆ ಗೊಂಬೆಯ ಸೆರಗು ಸರಿಪಡಿಸುತ್ತಲೇ ಗಲ್ಲದಿಂದ ಪಕ್ಕಕ್ಕೆ ತೋರಿದರು. ಅಲ್ಲಿ ಅವರ ಸೊಸೆ, ಮಡಿಲಲ್ಲಿ ಮಗು, ಮುಂದೆ ತಾನೇ ಹೊಲಿಸಿ ತಂದ ಕೌನಾದ ಲ್ಯಾಪ್‌ಟಾಪ್ ಚೀಲಗಳು. ಕಾಲೇಜಿನ ಹುಡುಗಿಯೊಬ್ಬಳು ಒಂದನ್ನು ಎತ್ತಿ ಹೊಲಿಗೆ ಎಳೆದೆಳೆದು ನೋಡುತ್ತಿದ್ದಳು. ಬೆಲೆ ಹೆಚ್ಚಾಯಿತೆಂದಳು. ಸೊಸೆ ಏನೋ ಅಂದಳು, ಅತ್ತೆ ನಡುವೆ ಬಾಯಿ ಹಾಕಿದರು, ಸೊಸೆ ಕೈಯೆತ್ತಿ ಅವರನ್ನು ಸುಮ್ಮನಿರಿಸಿ ತಾನೇ ವ್ಯಾಪಾರ ಕುದುರಿಸಿದಳು.